ಕಾರು ಏರುವ ಉಕ್ಕಿನ ದಿಬ್ಬ: ಮನೆಯಲ್ಲೇ ರ‍್ಯಾಂಪ್ ಕಟ್ಟುವವರಿಗೆ ಹದಿನಾರು ಸೂತ್ರ

ಕಾರಿನ ಕೆಳಗೆ ನುಸುಳಿ ಮಾಡಬೇಕಾದ ಕೆಲಸ ಬಂದಾಗ ನಮ್ಮ ಜನ ಕೈಗೆ ಸಿಕ್ಕಿದ್ದನ್ನು ಗಾಲಿಗೆ ಕೊಡುತ್ತಾರೆ. ಬಯಲುಸೀಮೆಯಲ್ಲಿ ಸೈಜುಗಲ್ಲು, ಕರಾವಳಿಯಲ್ಲಿ ಕೆಂಪುಕಲ್ಲು, ಹೊಸ ಬಡಾವಣೆಗಳಲ್ಲಿ ಹಾಲೋ ಬ್ಲಾಕು. ಸ್ಟೆಪ್ನಿ ಹಾಕಲೆಂದು ಕಾರಿನ ಜೊತೆ ಬಂದ ಜಾಕಿಯನ್ನೇ ನಂಬಿ ತಲೆ ತೂರಿಸುವವರನ್ನೂ ಕಂಡಿದ್ದೇನೆ. ಕಂಡಾಗಲೆಲ್ಲ ಎದೆ ಝಲ್ಲೆಂದಿದೆ. ಮೊದಲೆಲ್ಲ ಹೆದ್ದಾರಿ ಬದಿಯ ‘ವಾಟರ್ ಸರ್ವಿಸ್’ ಜಾಗಗಳಲ್ಲಿ ಸಿಮೆಂಟಿನ ಎರಡು ದಿಬ್ಬಗಳಿರುತ್ತಿದ್ದವು. ಲಾರಿ, ಕಾರು ಅವುಗಳ ಮೇಲೆ ಹತ್ತಿ ನಿಂತು ಹೊಟ್ಟೆ ತೊಳೆಸಿಕೊಳ್ಳುತ್ತಿದ್ದವು. ಉಕ್ಕಿನ ರ‍್ಯಾಂಪ್ ಎಂದರೆ ಅದೇ ದಿಬ್ಬ, ಎತ್ತಿ ಮೂಲೆಗಿಡುವಂಥದ್ದು.

ನಾನು ಮಾಡಿಸಿದ ಮೊದಲ ಜೋಡಿ ಬಹಳ ಗಟ್ಟಿಯಿತ್ತು. ಮೊದಲ ದಿನವೇ ಪೋರ್ಟಿಕೋದ ನುಣುಪು ಟೈಲ್ಸ್ ಮೇಲೆ ಜಾರಿ ಗೋಡೆಗೆ ಬಡಿಯಿತು. ಕಾರು ಏರಿಯೇ ಇರಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ. ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ರ‍್ಯಾಂಪಿನಲ್ಲಿ ಉಕ್ಕು ನಜ್ಜುಗುಜ್ಜಾಗುವುದು ಅಪರೂಪ. ಅದು ಜಾರುತ್ತದೆ, ಪಕ್ಕಕ್ಕೆ ವಾಲುತ್ತದೆ, ಬೆಸುಗೆ ಬಿಡುತ್ತದೆ. ಕೆಳಗಿನ ಸೂತ್ರಗಳೆಲ್ಲ ಈ ಮೂರನ್ನು ತಡೆಯುವುದಕ್ಕೇ ಇವೆ.

1. ಕಬ್ಬಿಣದ ಅಂಗಡಿಗೆ ಹೋಗುವ ಮೊದಲು ಕಾರನ್ನು ಅಳೆಯಿರಿ

ಮೂರು ಅಂಕಿ ಬೇಕು: ಕಾರಿನ ತೂಕ, ಟೈರಿನ ಅಗಲ, ಬಂಪರಿನ ಎತ್ತರ. ತೂಕ ಮಾಲೀಕರ ಕೈಪಿಡಿಯಲ್ಲಿ ಸಿಗುತ್ತದೆ. ಟೈರಿನ ಗೋಡೆಯ ಮೇಲೆ ಅಚ್ಚಾದ ಮೊದಲ ಸಂಖ್ಯೆಯೇ ಅಗಲ: ಹಳೆಯ ಮಾರುತಿ 800ಕ್ಕೆ 145 ಮಿ.ಮೀ., ಸ್ವಿಫ್ಟಿಗೆ 165 ಅಥವಾ 185. ಎಂಜಿನ್ನೂ ಗೇರ್‌ಬಾಕ್ಸೂ ಮುಂದೆಯೇ ಇರುವ ಸಣ್ಣ ಕಾರುಗಳಲ್ಲಿ ಒಟ್ಟು ಭಾರದ ಶೇ. 60ರಷ್ಟು ಮುಂದಿನ ಎರಡು ಗಾಲಿಗಳ ಮೇಲಿರುತ್ತದೆ. 900 ಕಿಲೋ ಕಾರಾದರೆ ಮುಂದಿನ ಒಂದೊಂದು ಗಾಲಿಗೆ ಸುಮಾರು 270 ಕಿಲೋ ಬೀಳುತ್ತದೆ. ನೀವು ಕಟ್ಟಬೇಕಾದದ್ದು ಒಂದೊಂದು ರ‍್ಯಾಂಪಿಗೆ 1 ಟನ್ ಲೆಕ್ಕದಲ್ಲಿ. ಗಾಲಿ ಏರುವಾಗಿನ ಕುಲುಕು, ವರ್ಷಗಳ ತುಕ್ಕು, ನಾಳೆ ಕೊಳ್ಳಬಹುದಾದ ದೊಡ್ಡ ಗಾಡಿ, ಎಲ್ಲವೂ ಅದರೊಳಗೆ ಬರಲಿ.

2. ಇಳಿಜಾರನ್ನು ನಿರ್ಧರಿಸುವುದು ಬಂಪರು

ಹೆಚ್ಚಿನವರು ಎಡವುವುದು ಇಲ್ಲಿ. ರ‍್ಯಾಂಪ್ ಚೆನ್ನಾಗಿ ಬಂದಿರುತ್ತದೆ, ಗಾಲಿ ಬುಡ ಮುಟ್ಟುವ ಮೊದಲೇ ಬಂಪರು ಹೋಗಿ ನೆತ್ತಿಗೆ ಕುಟ್ಟುತ್ತದೆ.

ಟೈರು ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳ ಅಂಚಿನವರೆಗಿನ ದೂರ ಅಳೆಯಿರಿ. ಆ ಅಂಚು ನೆಲದಿಂದ ಎಷ್ಟು ಮೇಲಿದೆ ನೋಡಿ. ದೂರ 650 ಮಿ.ಮೀ., ಎತ್ತರ 180 ಎಂದುಕೊಳ್ಳೋಣ. ನಾಲ್ಕಕ್ಕೆ ಒಂದರಂತೆ ಏರುವ ರ‍್ಯಾಂಪು ಆ ದೂರದಲ್ಲಿ 162 ಮಿ.ಮೀ. ಎತ್ತರ ಮುಟ್ಟಿರುತ್ತದೆ. ಉಳಿದ ಸಂದು ಒಂದು ಬೆರಳಿನಷ್ಟೂ ಇಲ್ಲ, ನಂಬುವಂತಿಲ್ಲ. ಐದಕ್ಕೆ ಒಂದು ಇಟ್ಟರೆ 130. ಮೇಲೆ 50 ಮಿ.ಮೀ. ಜಾಗ ಸಿಗುತ್ತದೆ. ಲೆಕ್ಕ ಬೇಸರವಾದರೆ ಒಂದು ನೇರ ಪಟ್ಟಿಯನ್ನು ಟೈರಿನ ಬುಡದಿಂದ ಬಂಪರಿನ ಕೆಳ ಅಂಚಿಗೆ ಒರಗಿಸಿ. ನಿಮ್ಮ ಇಳಿಜಾರು ಆ ಪಟ್ಟಿಗಿಂತ ಸಾಕಷ್ಟು ಕೆಳಗಿರಬೇಕು, ಅಷ್ಟೆ.

3. ಎತ್ತರದ ಆಸೆ ಬೇಡ

200 ಮಿ.ಮೀ. ಸಾಕು. ಎಂಜಿನ್ ಆಯಿಲ್ ಇಳಿಸಲು, ಆಕ್ಸಲ್ ಬೂಟು ಹರಿದಿದೆಯೇ ನೋಡಲು, ಸೈಲೆನ್ಸರಿನ ರಬ್ಬರು ಬದಲಿಸಲು ಇದರಲ್ಲಿ ಆರಾಮಾಗಿ ಆಗುತ್ತದೆ. ಎತ್ತರ 300 ಮಾಡಿದರೆ ಐದಕ್ಕೆ ಒಂದರ ಇಳಿಜಾರು ಒಂದೂವರೆ ಮೀಟರ್ ಉದ್ದ ಬೇಡುತ್ತದೆ, ತೂಕ ಏರುತ್ತದೆ, ವಾಲುವ ಭಯವೂ ಏರುತ್ತದೆ.

4. ನೆತ್ತಿಯಲ್ಲಿ ಗಾಲಿಗೆ ಕೂರಲು ಜಾಗ ಕೊಡಿ

ಮೇಲಿನ ಸಮತಟ್ಟು 350 ಮಿ.ಮೀ. ಉದ್ದವಿರಲಿ. ಅದರ ಕೊನೆಗೆ ಅಡ್ಡಲಾಗಿ 75 ಮಿ.ಮೀ. ಎತ್ತರದ ತಡೆ ಬೇಕೇ ಬೇಕು. ಚಾಲಕನಿಗೆ ಗಾಲಿ ಕಾಣುವುದಿಲ್ಲ, ಅವನು ನಂಬುವುದು ಈ ತಡೆ ಕೊಡುವ ಸಣ್ಣ ಸೂಚನೆಯನ್ನು. ಹಾಗೆಂದು ಅದು ಕಾರನ್ನು ನಿಲ್ಲಿಸುವ ಬ್ರೇಕ್ ಆಗಲಾರದು. ರಭಸದಿಂದ ಬಂದ ಗಾಲಿ ಅದನ್ನೂ ದಾಟುತ್ತದೆ.

5. ಅಗಲಕ್ಕೆ ಕಂಜೂಸಿತನ ಮಾಡಬೇಡಿ

ಟೈರಿನ ಅಗಲಕ್ಕೆ ಇನ್ನೂ 60 ಮಿ.ಮೀ. ಸೇರಿಸಿ. 165ರ ಟೈರಿಗೆ 225 ಆಯಿತು. ಎರಡೂ ಬದಿಗೆ 30 ಮಿ.ಮೀ. ಎತ್ತರದ ಫ್ಲ್ಯಾಟ್ ಪಟ್ಟಿಯ ಅಂಚು ಕಟ್ಟಿ, ಗಾಲಿ ಪಕ್ಕಕ್ಕೆ ಸರಿದರೆ ಅದು ತಿಳಿಸುತ್ತದೆ. ಬುಡದ ಅಗಲ ಎತ್ತರಕ್ಕಿಂತ ಒಂದೂವರೆ ಪಟ್ಟು ಇರಲಿ: 200 ಎತ್ತರಕ್ಕೆ 300 ಅಗಲ. ಕಾಲುಗಳನ್ನು ಹೊರಮುಖವಾಗಿ ತುಸು ಓರೆ ಕೊಟ್ಟರೆ ಇದು ತಾನಾಗಿ ಬರುತ್ತದೆ. ಹಾಲು ಕರೆಯುವಾಗ ಕೂರುವ ಮೂರುಗಾಲಿನ ಮಣೆ ನೋಡಿ, ಅದರ ಕಾಲು ನೆಟ್ಟಗಿರುವುದಿಲ್ಲ.

6. ಚೌಕ ಪೈಪು ಕೊಳ್ಳಿ, ತೂಗಿ ಕೊಳ್ಳಿ

ಚೌಕಟ್ಟಿಗೆ 40×40 ಮಿ.ಮೀ. ಚೌಕ ಪೈಪು, ಗೋಡೆಯ ದಪ್ಪ 3 ಮಿ.ಮೀ. ಸರಿಸುಮಾರು ಅದೇ ತೂಕದ 40×40×5 ಆ್ಯಂಗಲ್ಲಿಗಿಂತ ಇದು ಬಾಗದೆ ತಡೆಯುವ ಶಕ್ತಿಯಲ್ಲಿ ಎರಡೂವರೆ ಪಟ್ಟು ಮುಂದೆ. ಆದರೆ ಗೇಟು, ಗ್ರಿಲ್ಲು ಮಾಡುವ ಅಂಗಡಿಯಲ್ಲಿ ಎದುರಿಗೇ ಸಿಗುವುದು 16 ಗೇಜಿನ, ಅಂದರೆ 1.6 ಮಿ.ಮೀ. ದಪ್ಪದ ಪೈಪು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ತಕ್ಕಡಿಗೆ ಹಾಕಿದರೆ ಗುಟ್ಟು ಬಯಲಾಗುತ್ತದೆ: 3 ಮಿ.ಮೀ. ದಪ್ಪದ 20 ಅಡಿ ಉದ್ದದ ಪೈಪು ಸುಮಾರು 20 ಕಿಲೋ ತೂಗಬೇಕು. ನೆನಪಿಡಲು ಇದಕ್ಕಿಂತ ಸುಲಭದ ಲೆಕ್ಕ ಬೇಕಿಲ್ಲ.

ಒಂದು ಜೋಡಿಗೆ ಇಂಥ ಮೂರು ಪೈಪು, ಮೇಲ್ಮೈಯ ಅಡ್ಡ ಮೆಟ್ಟಿಲುಗಳಿಗೆ (ಸೂತ್ರ 9) 40×40×5 ಆ್ಯಂಗಲ್ ಒಂದು ಉದ್ದ, ಅಂಚಿಗೆ ಸ್ವಲ್ಪ ಫ್ಲ್ಯಾಟು. ಇಳಿಜಾರನ್ನು ಉದ್ದ ಮಾಡಿದಷ್ಟೂ ತುಸು ಹೆಚ್ಚು ಬೇಕಾದೀತು. ಮುಗಿದಾಗ ಒಂದೊಂದು ರ‍್ಯಾಂಪು 40 ಕಿಲೋ ಹತ್ತಿರ ಬರುತ್ತದೆ.

ಜಿಐ ಪೈಪು ಮನೆಯಲ್ಲಿ ಮಿಕ್ಕಿದೆಯೆಂದು ಬಳಸಬೇಡಿ. ಅದರ ಸತುವಿನ ಲೇಪ ಬೆಸುಗೆಯ ಶಾಖಕ್ಕೆ ಬಿಳಿ ಹೊಗೆಯಾಗುತ್ತದೆ. ಉಸಿರಿಗೆ ಹೋದರೆ ಕೆಲವೇ ಗಂಟೆಯಲ್ಲಿ ಚಳಿ ಜ್ವರ.

7. ಕಂಬದ ಮೇಲೆ ತೊಲೆ ಕೂರಿಸಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹಳೆಯ ತೊಟ್ಟಿಮನೆಯ ಒಳಗೆ ನಿಂತು ತಲೆಯೆತ್ತಿ ನೋಡಿ. ತೊಲೆಯನ್ನು ಯಾರೂ ಕಂಬದ ಪಕ್ಕಕ್ಕೆ ಮೊಳೆ ಹೊಡೆದು ನೇತುಹಾಕಿಲ್ಲ. ಕಂಬ, ಅದರ ಮೇಲೆ ಬೋದಿಗೆ, ಅದರ ಮೇಲೆ ತೊಲೆ. ಭಾರ ಮರದಿಂದ ಮರಕ್ಕೆ ನೇರ ಇಳಿದು ನೆಲ ಸೇರುತ್ತದೆ.

ರ‍್ಯಾಂಪೂ ಹಾಗೆಯೇ ಇರಬೇಕು. ಮೇಲಿನ ಉದ್ದ ಪೈಪು ಕಾಲಿನ ನೆತ್ತಿಯ ಮೇಲೆ ಕೂತಿರಲಿ, ಕಾಲಿನ ಬುಡ ತಳದ ಪೈಪಿನ ಮೇಲೆ ನಿಂತಿರಲಿ. ಹೀಗೆ ಮಾಡಿದಾಗ ಬೆಸುಗೆ ಅವುಗಳನ್ನು ಅಲುಗಾಡದಂತೆ ಹಿಡಿದರೆ ಸಾಕು, ಹೊರುವುದು ಉಕ್ಕು. ಪಕ್ಕಕ್ಕೆ ಅಂಟಿಸಿದರೆ ಕಾರಿನ ಪೂರ್ತಿ ಭಾರ ಒಂದು ಗೆರೆ ಬೆಸುಗೆಯ ಮೇಲೆ ನೇತಾಡುತ್ತದೆ. ಆ ಗೆರೆಯೊಳಗೆ ಗುಳ್ಳೆ ಇದೆಯೋ, ಅದು ಹಿಡಿದಿದೆಯೋ ಇಲ್ಲವೋ, ಹೊರಗಿನಿಂದ ಕಾಣುವುದಿಲ್ಲ.

ಉಕ್ಕಿನ ಶಕ್ತಿಯ ಬಗ್ಗೆ ಅನುಮಾನ ಬೇಡ. ಮಾಮೂಲಿ ಕಟ್ಟಡದ ಉಕ್ಕು ಪ್ರತಿ ಚದರ ಮಿ.ಮೀ.ಗೆ 25 ಕಿಲೋವರೆಗಿನ ಒತ್ತಡಕ್ಕೆ ಶಾಶ್ವತವಾಗಿ ಬಾಗುವುದಿಲ್ಲ. ಇಂಥ ನಾಲ್ಕು ಗಿಡ್ಡ ಕಾಲು ವಾಲದೆ ನಿಂತಿದ್ದರೆ ನಿಮ್ಮ ಕಾರಿನ ಹತ್ತಾರು ಪಟ್ಟು ಹೊರುತ್ತವೆ. ‘ವಾಲದೆ ನಿಂತಿದ್ದರೆ’ ಎನ್ನುವುದಕ್ಕೇ ಮುಂದಿನ ಸೂತ್ರ.

8. ಪ್ರತಿ ಚೌಕದೊಳಗೂ ಒಂದು ಓರೆಪಟ್ಟಿ

ಚೌಕ ಹಿಸುಕಿದರೆ ವಜ್ರಾಕೃತಿಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಉದ್ದದ ಬದಿಗೂ ಅಗಲದ ಬದಿಗೂ ಓರೆ ಕೊಡಿ. ಅಗಲದ ಬದಿಯನ್ನು ಎಲ್ಲರೂ ಮರೆಯುತ್ತಾರೆ. ರ‍್ಯಾಂಪು ವಾಲುವುದು ಆ ಕಡೆಗೇ.

9. ಮೇಲ್ಮೈಗೆ ಏಣಿಯ ಮೆಟ್ಟಿಲು, ತಗಡಲ್ಲ

3 ಮಿ.ಮೀ. ಚೆಕ್ಕರ್ ಪ್ಲೇಟು ನೋಡಲು ಚೆನ್ನ. ಕೆಳಗೆ ಆಧಾರವಿಲ್ಲದಿದ್ದರೆ ಗಾಲಿಯಡಿ ತಗ್ಗು ಬೀಳುತ್ತದೆ, ಎಣ್ಣೆ ಚೆಲ್ಲಿದರೆ ಜಾರುತ್ತದೆ, ಮಳೆನೀರು ನಿಲ್ಲುತ್ತದೆ. ಅದಕ್ಕಿಂತ 75ರಿಂದ 100 ಮಿ.ಮೀ.ಗೆ ಒಂದರಂತೆ ಆ್ಯಂಗಲ್ ತುಂಡುಗಳನ್ನು ಅಡ್ಡ ಕೂರಿಸಿ. ಅಂಚುಗಳನ್ನು ಗ್ರೈಂಡರಿನಲ್ಲಿ ಸವರಿ ಮೊಂಡು ಮಾಡಿ. ಟೈರಿನ ಹಲ್ಲು ಮೆಟ್ಟಿಲಿಗೆ ಕಚ್ಚಿಕೊಳ್ಳುತ್ತದೆ, ಕೆಸರು ಕೆಳಗುದುರುತ್ತದೆ.

10. ಬೆಸುಗೆ ಬಾರದಿದ್ದರೆ ಬಲ್ಲವರ ಕೈಗೆ ಕೊಡಿ, ಪಕ್ಕದಲ್ಲಿ ನಿಂತಿರಿ

ಹೊಸದಾಗಿ ವೆಲ್ಡಿಂಗ್ ಕಲಿಯುವವರಿಗೆ ಹೂಕುಂಡದ ಸ್ಟ್ಯಾಂಡಿದೆ, ಚಪ್ಪಲಿ ಗೂಡಿದೆ. ಮನುಷ್ಯ ಕೆಳಗೆ ಮಲಗುವ ವಸ್ತುವಿನಲ್ಲಿ ಕಲಿಯಬೇಡಿ. ಅಳತೆ ಬರೆದ ಚೀಟಿ ಹಿಡಿದು ವೆಲ್ಡಿಂಗ್ ಅಂಗಡಿಗೆ ಹೋಗಿ. ಅಲ್ಲಿ ನನಗೆ ಪ್ರತಿ ಸಲ ಕೇಳಿಸುವ ಮಾತೊಂದಿದೆ: “ಬಿಡಿ ಸಾರ್, ಆನೆ ನಿಲ್ಸಿದ್ರೂ ಏನೂ ಆಗಲ್ಲ.” ಆ ಭರವಸೆ ಪ್ರೀತಿಯದ್ದೇ. ಆದರೂ ಬಾಯಿಬಿಟ್ಟು ಹೇಳಿ: “ಮೇಸ್ತ್ರಿ, ಇದರ ಕೆಳಗೆ ನಾನೇ ಮಲಗ್ತೀನಿ. ಬರೀ ಟ್ಯಾಕ್ ಹಾಕಿ ಬಿಡಬೇಡಿ, ಸುತ್ತ ಪೂರ್ತಿ ಹೊಡೀರಿ.” ಈ ಒಂದು ಮಾತಿಗೆ ಒಳ್ಳೆಯ ಕೆಲಸಗಾರನ ಕೈ ನಿಧಾನವಾಗುವುದನ್ನು ನೋಡಿದ್ದೇನೆ.

ನೀವೇ ಮಾಡುವವರಾದರೆ: 3 ಮಿ.ಮೀ. ಗೋಡೆಗೆ 2.5 ಮಿ.ಮೀ.ನ 6013 ರಾಡು, 70ರಿಂದ 90 ಆ್ಯಂಪಿಯರ್. ಕೂಡುವ ಜಾಗದ ಬಣ್ಣ, ತುಕ್ಕು, ಎಣ್ಣೆಯನ್ನು ಹೊಳೆಯುವ ತನಕ ಉಜ್ಜಿ ತೆಗೆಯಿರಿ. ಮಳೆಗಾಲದಲ್ಲಿ ಥಂಡಿ ಹಿಡಿದ ರಾಡು ಬೆಸುಗೆಯಲ್ಲಿ ಗುಳ್ಳೆ ಬಿಡುತ್ತದೆ, ಒಣಗಿಸದೆ ಬಳಸಬೇಡಿ. ಮೊದಲು ಎಲ್ಲ ಕಡೆ ಟ್ಯಾಕ್ ಹಾಕಿ, ಮೂಲೆಯಿಂದ ಮೂಲೆಗೆ ದಾರ ಎಳೆದು ಎರಡು ಕರ್ಣ ಒಂದೇ ಅಳತೆ ಇದೆಯೇ ನೋಡಿ. ಆಮೇಲೆ ಒಂದು ಈ ಬದಿ, ಒಂದು ಆ ಬದಿ ಎಂದು ಸರದಿಯಲ್ಲಿ ಬೆಸೆಯಿರಿ. ಒಂದೇ ಬದಿ ಮುಗಿಸುತ್ತ ಹೋದರೆ ಶಾಖಕ್ಕೆ ಚೌಕಟ್ಟು ಸೊಟ್ಟಗಾಗಿ ಕುಂಟುತ್ತದೆ. ಸ್ಲ್ಯಾಗು ಕುಟ್ಟಿ ತೆಗೆದು ಪ್ರತಿ ಗೆರೆಯನ್ನೂ ಕಣ್ಣಲ್ಲಿ ನೋಡಿ. ಸರಿಯಾಗಿ ಹಿಡಿದ 3 ಮಿ.ಮೀ. ಬೆಸುಗೆ 10 ಸೆಂ.ಮೀ. ಉದ್ದಕ್ಕೆ 2 ಟನ್ ತಾಳುತ್ತದೆ. ಮೇಲಷ್ಟೇ ಕೂತ ಬೆಸುಗೆ ಸುತ್ತಿಗೆಯ ಒಂದು ಪೆಟ್ಟಿಗೆ ಎದ್ದು ಬರುತ್ತದೆ.

ಗ್ರೈಂಡರ್ ಹಿಡಿದಾಗ ಕಾರು ಹತ್ತಿರ ಇರದಂತೆ ನೋಡಿಕೊಳ್ಳಿ. ಕಿಡಿಗಳು ಗಾಜಿಗೆ ಅಂಟಿ ಕೂತು ಚುಕ್ಕೆ ಬೀಳಿಸುತ್ತವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

11. ಗಾಲಿಯ ಭಾರದಿಂದಲೇ ರ‍್ಯಾಂಪನ್ನು ನೆಲಕ್ಕೆ ಒತ್ತಿಸಿ

ಮೊದಲ ಜೋಡಿ ನನಗೆ ಕಲಿಸಿದ ಪಾಠ ಇದೇ. ಗಾಲಿ ಬುಡ ಮುಟ್ಟಿದ ಕ್ಷಣದಲ್ಲಿ ರ‍್ಯಾಂಪನ್ನು ಮುಂದಕ್ಕೆ ತಳ್ಳುತ್ತದೆ. ಏರಲು ತೊಡಗಿದ ಮೇಲೆ ಕತೆ ತಿರುಗುಮುರುಗು: ಎಂಜಿನ್ ಬಲ ಮುಂದಿನ ಗಾಲಿಗೇ ಹೋಗುವ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಲಿ ರ‍್ಯಾಂಪನ್ನು ಹಿಂದಕ್ಕೆ ಎಳೆದು ಕಾರಿನ ಹೊಟ್ಟೆಯಡಿಗೆ ಎಸೆಯುತ್ತದೆ. ಎರಡಕ್ಕೂ ಮದ್ದು ಒಂದೇ. ಬುಡಕ್ಕೆ 400 ಮಿ.ಮೀ. ಉದ್ದದ ಚಪ್ಪಟೆ ನಾಲಿಗೆಯೊಂದನ್ನು 3 ಮಿ.ಮೀ. ತಗಡಿನಿಂದ ಮಾಡಿ, ಬಾಗಿಲಿನ ತಿರುಗಣಿ ಹಾಕಿ ಜೋಡಿಸಿ. ಗಾಲಿ ಮೊದಲು ನಾಲಿಗೆಯನ್ನು ತುಳಿಯುತ್ತದೆ. ಆಗ 270 ಕಿಲೋ ಅದರ ಮೇಲೆ ಕೂತಿರುತ್ತದೆ, ರ‍್ಯಾಂಪು ಎಲ್ಲಿಗೂ ಹೋಗುವಂತಿಲ್ಲ. ಕೆಲಸ ಮುಗಿದ ಮೇಲೆ ನಾಲಿಗೆ ಮಡಚಿ ಗೋಡೆಗೆ ಒರಗಿಸಬಹುದು.

ನಾಲಿಗೆಯ ಅಡಿಗೂ ತಳದ ಪೈಪಿಗೂ ಹಳೆಯ ಕನ್ವೇಯರ್ ಬೆಲ್ಟೋ ಟೈರಿನ ರಬ್ಬರೋ ಬೋಲ್ಟ್ ಮಾಡಿ. ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತದೆ. ನೆಲ ಟೈಲ್ಸ್ ಆಗಿದ್ದರೆ ಕೆಳಗೆ 12 ಮಿ.ಮೀ. ಪ್ಲೈವುಡ್ ಬೇಕು, ಇಲ್ಲದಿದ್ದರೆ ಟೈಲ್ಸ್ ಬಿರಿಯುತ್ತದೆ. ಮಣ್ಣಿನ ಅಂಗಳದಲ್ಲಿ, ಮುಖ್ಯವಾಗಿ ಮಳೆ ಬಿದ್ದ ಮಾರನೆಯ ದಿನ, ಬೇಡವೇ ಬೇಡ. ಇಳಿಜಾರು ನೆಲದಲ್ಲೂ ಬೇಡ. ರಸಮಟ್ಟ ಇಟ್ಟು ನೋಡಲು ಅರ್ಧ ನಿಮಿಷ ಸಾಕು.

12. ಬಣ್ಣ

ಎರಡು ಕೈ ರೆಡ್ ಆಕ್ಸೈಡ್, ಮೇಲೆ ಹಳದಿ ಎನಾಮೆಲ್. ಮೆಟ್ಟಿಲುಗಳ ಬಣ್ಣ ಹಸಿ ಇರುವಾಗ ಜರಡಿ ಹಿಡಿದ ಮರಳು ಉದುರಿಸಿ. ಪೈಪಿನ ಬಾಯಿಗಳನ್ನೆಲ್ಲ ಚಿಕ್ಕ ತಗಡಿನಿಂದ ಮುಚ್ಚಿ ಬೆಸೆಯಿರಿ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಪೈಪು ತುಕ್ಕು ಹಿಡಿಯುವುದು ಒಳಗಿನಿಂದ, ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಒಂದು ಬದಿಯಲ್ಲಿ ದಪ್ಪಕ್ಷರದಲ್ಲಿ ಹೊರುವ ಭಾರದ ಮಿತಿಯನ್ನು ಬರೆಯಿರಿ. ಪಕ್ಕದ ಮನೆಯವರು ಕೇಳಿ ಒಯ್ದಾಗ ನೀವು ಜೊತೆಗಿರುವುದಿಲ್ಲ.

13. ಮೊದಲ ಪರೀಕ್ಷೆಯಲ್ಲಿ ಕೆಳಗೆ ಯಾರೂ ಇರಕೂಡದು

ಕಾರು ಏರಿಸಿ, ಇಳಿಸಿ, ಹತ್ತು ಸಲ. ಆಮೇಲೆ ಡಿಕ್ಕಿ ಖಾಲಿ ಇಟ್ಟು ಮುಂದಿನ ಎರಡು ಸೀಟಿಗೂ ಸಿಮೆಂಟ್ ಚೀಲವೋ ಅಕ್ಕಿ ಮೂಟೆಯೋ ಹೇರಿ ಒಂದು ರಾತ್ರಿ ಅದರ ಮೇಲೆಯೇ ನಿಲ್ಲಿಸಿ. ಬೆಳಿಗ್ಗೆ ಕಾರು ಇಳಿಸಿ ದಾರ ಹಿಡಿದು ಅಳೆಯಿರಿ, ಯಾವ ಪೈಪೂ ಬಾಗಿರಬಾರದು. ಬೆಸುಗೆಗಳಿಗೆ ಡೀಸೆಲ್ ಸವರಿ, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗೆ ಇಳಿದ ಡೀಸೆಲ್ ಮತ್ತೆ ಜಿನುಗಿ ಬಿಳಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಇದನ್ನು ಬಣ್ಣ ಬಳಿಯುವ ಮೊದಲೇ ಮಾಡಬೇಕು. ಹಾಗಾಗಿ ಹಿಂದಿನ ಸೂತ್ರವನ್ನು ಇದರ ನಂತರಕ್ಕೆ ಇಟ್ಟುಕೊಳ್ಳಿ. ಅಂಗಡಿಯವರು ಬಣ್ಣ ಹೊಡೆದೇ ಕೊಡುತ್ತೇವೆಂದರೂ ಬೇಡವೆನ್ನಿ.

14. ಏರಿಸುವ ಕ್ರಮ ಪ್ರತಿ ಸಲವೂ ಒಂದೇ ಇರಲಿ

ಸ್ಟೀರಿಂಗ್ ನೇರ. ಎರಡು ರ‍್ಯಾಂಪೂ ಎರಡು ಟೈರಿಗೆ ಸರಿಯಾಗಿ ಮುಟ್ಟಿರಬೇಕು. ಮೊದಲ ಗೇರು, ಹಾಫ್ ಕ್ಲಚ್, ಒಂದೇ ಸಮನೆಯ ಚಲನೆ. ಮಧ್ಯದಲ್ಲಿ ನಿಂತರೆ ರೇಸ್ ಕೊಡಬೇಡಿ, ಇಳಿದು ಮತ್ತೆ ಶುರುಮಾಡಿ. ದಾರಿ ಹೇಳುವವರು ಕಾರಿನ ಪಕ್ಕದಲ್ಲಿ ದೂರ ನಿಲ್ಲಲಿ, ಎದುರಿಗೆ ಮಾತ್ರ ಯಾರೂ ಬೇಡ. ಒಮ್ಮೆ ಸರಿಯಾಗಿ ನಿಂತಾಗ ಬಾಗಿಲಿನ ಕನ್ನಡಿಯ ನೇರಕ್ಕೆ ಗೋಡೆಯ ಮೇಲೆ ಗುರುತು ಹಾಕಿಟ್ಟುಕೊಂಡರೆ ಮುಂದಿನ ಸಲ ಒಬ್ಬರೇ ಇದ್ದರೂ ತಿಳಿಯುತ್ತದೆ.

ನಿಂತ ಮೇಲೆ ಹ್ಯಾಂಡ್‌ಬ್ರೇಕ್, ಗೇರು, ಹಿಂಗಾಲಿಗಳ ಹಿಂದೆ ಅಡ್ಡಕಲ್ಲು. ಹಿಂಭಾಗ ಏರಿಸುವ ದಿನ ವಿಶೇಷ ಎಚ್ಚರ ಬೇಕು: ಬಹುಪಾಲು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂಗಾಲಿಯನ್ನು, ನೆಲದ ಮೇಲಿರುವ ಮುಂಗಾಲಿಯನ್ನು ತಡೆಯುವುದು ಗೇರು ಮತ್ತು ನೀವಿಟ್ಟ ಅಡ್ಡಕಲ್ಲು ಎರಡೇ. ಕಾರಿನ ಕೀ ನಿಮ್ಮ ಜೇಬಿಗೆ. ಸೊಂಟದಿಂದ ಕಾರನ್ನು ಜೋರಾಗಿ ನೂಕಿ ಅಲುಗಿಸಿ. ಅಲುಗಾಡಿದ್ದು ಸ್ಪ್ರಿಂಗಾದರೆ ಸರಿ, ರ‍್ಯಾಂಪಾದರೆ ಇಳಿಸಿ. ಜಾಕ್ ಸ್ಟ್ಯಾಂಡ್ ಇದ್ದರೆ ಚಾಸಿಯ ಗಟ್ಟಿ ಜಾಗದಡಿ ಒಂದು ಜೊತೆ ನಿಲ್ಲಿಸಿ. ಮನೆಯವರಿಗೆ ಹೇಳಿಯೇ ಕೆಳಗೆ ಹೋಗಿ, ಮಕ್ಕಳು ಆ ಹೊತ್ತಿಗೆ ಒಳಗಿರಲಿ.

15. ಆಗುವ ಕೆಲಸ, ಆಗದ ಕೆಲಸ

ಗಾಲಿ ಬಿಚ್ಚಬೇಕಾದ ಯಾವ ಕೆಲಸವೂ ರ‍್ಯಾಂಪಿನ ಮೇಲೆ ಆಗದು. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್ ಎಲ್ಲ ಜಾಕಿ, ಸ್ಟ್ಯಾಂಡುಗಳ ಪಾಲು. ಆಯಿಲ್ ಬದಲಾವಣೆಗೆ ರ‍್ಯಾಂಪಿಗೆ ಸಾಟಿಯಿಲ್ಲ. ಡ್ರೈನ್ ಬೋಲ್ಟು ಹಿಂಬದಿಗಿದ್ದರೆ ಮೂತಿ ಎತ್ತಿ ನಿಂತ ಕಾರಿನಿಂದ ಕೊನೆಯ ಹನಿಯೂ ಇಳಿಯುತ್ತದೆ. ಮುಂಬದಿಗಿದ್ದರೆ ತುಸು ಉಳಿಯುತ್ತದೆ. ಹೊಸ ಆಯಿಲ್ ಹಾಕಿದ ಮೇಲೆ ಮಟ್ಟ ನೋಡುವುದು ಕಾರು ಸಮನೆಲಕ್ಕೆ ಬಂದ ನಂತರ, ಮೇಲಿದ್ದಾಗ ಡಿಪ್‌ಸ್ಟಿಕ್ ತೋರಿಸುವ ಗೆರೆ ತಪ್ಪು. ಮಲೆನಾಡಿನವರಿಗೆ ಇನ್ನೊಂದು ದೊಡ್ಡ ಉಪಯೋಗ: ಮಳೆಗಾಲ ಮುಗಿದೊಡನೆ ಕೆಳಗೆ ಮೆತ್ತಿದ ಕೆಂಪು ಕೆಸರನ್ನು ತೊಳೆದು, ಒಣಗಿಸಿ, ತುಕ್ಕುತಡೆ ಬಳಿಯುವುದು. ಆಯುಧಪೂಜೆಗೆ ಎಲ್ಲರೂ ಕಾರಿನ ಮೇಲ್ಮೈ ಮಿಂಚಿಸುತ್ತಾರೆ. ಆ ವಾರವೇ ಕೆಳಭಾಗಕ್ಕೂ ಒಂದು ಗಂಟೆ ಕೊಟ್ಟರೆ ಕಾರಿನ ಆಯುಸ್ಸು ಹೆಚ್ಚುತ್ತದೆ.

ಇಳಿಸಿದ ಹಳೆಯ ಆಯಿಲ್ಲನ್ನು ಚರಂಡಿಗೂ ತೆಂಗಿನ ಬುಡಕ್ಕೂ ಸುರಿಯಬೇಡಿ. ಕಾನೂನು ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ತಲುಪಿಸಿ.

16. ವರ್ಷಕ್ಕೊಮ್ಮೆ ತಿರುಗಿಸಿ ಹಾಕಿ ನೋಡಿ

ರ‍್ಯಾಂಪನ್ನು ತಲೆಕೆಳಗು ಮಾಡಿ, ಬೆಸುಗೆಗಳನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಜಾಗ ಗಂಟೆಯ ನಾದ ಕೊಡುತ್ತದೆ, ಬಿರುಕಿದ್ದಲ್ಲಿ ಸದ್ದು ಒಡಕು. ರಬ್ಬರು ಸವೆದಿದ್ದರೆ ಬದಲಿಸಿ. ಬಿರುಕನ್ನು ಗ್ರೈಂಡ್ ಮಾಡಿ ಬುಡದವರೆಗೆ ತೆಗೆದು ಹೊಸದಾಗಿ ಬೆಸೆಸಬಹುದು. ಕಾಲೇ ಬಾಗಿದ್ದರೆ ನೆಟ್ಟಗೆ ಮಾಡಿ ಬಳಸುವ ಯೋಚನೆ ಬಿಡಿ. ಅಂಥದ್ದನ್ನು ಗುಜರಿಗೆ ಕೊಡುವ ಮುನ್ನ ಗ್ರೈಂಡರಿನಿಂದ ನಡುವೆ ಕತ್ತರಿಸಿ ಎರಡು ತುಂಡು ಮಾಡಿ. ಹಾಗೇ ಕೊಟ್ಟರೆ ಬಣ್ಣ ಚೆನ್ನಾಗಿದೆಯೆಂದು ಯಾರೋ ಕೊಂಡೊಯ್ದು ತಮ್ಮ ಕಾರನ್ನು ಅದರ ಮೇಲೆ ಹತ್ತಿಸುತ್ತಾರೆ.